ಕುತ್ತಿಗೆಯಿಂದ ಇಳಿದ ಊಟ

ಕರುಳಿನ ಆಪರೇಷನ್ ಆದ ಮೇಲೆ ನನ್ನ ಬಾಯಿಗೆ ಒಂದು ಹನಿ ನೀರನ್ನೂ ಬಿಡದೆ, ಕುತ್ತಿಗೆಯ ನರಕ್ಕೆ ಒಂದು ಬಿಳಿ ಚೀಲ ತಗುಲಿಸಿದ್ದರು. ನೋಡಲು ಹಾಲಿನ ಪ್ಯಾಕೆಟ್ಟೇ. ಒಳಗಿನ ಹೊಲಿಗೆ ಕೂಡುವವರೆಗೆ ಅನ್ನ, ಸಾರು, ಮಜ್ಜಿಗೆ ಎಲ್ಲವೂ ನನಗೆ ಅದೇ. ಅದನ್ನು ಹಾಕುವ ಮೊದಲು ಆದೋನಿಯ ಆ ಆಸ್ಪತ್ರೆಯ ನರ್ಸಮ್ಮ ತೆಲುಗಿನಲ್ಲಿ ಕೇಳಿದ್ದಳು: "ಗುಡ್ಡು ತಿಂಟೇ ಒಂಟಿಕಿ ಪಡದಾ ಅಮ್ಮಾ?" ಮೊಟ್ಟೆ ತಿಂದರೆ ಮೈಗೆ ಆಗುವುದಿಲ್ಲವೇ ಎಂದು. ನಮ್ಮದು ಪೂಜೆಯ ಮನೆತನ, ಮುಟ್ಟುವುದೇ ಇಲ್ಲ ಎಂದೆ. ಈ ಚೀಲದಲ್ಲಿ ಮೊಟ್ಟೆಯ ಹಳದಿಯಿಂದ ತೆಗೆದದ್ದು ಸ್ವಲ್ಪ ಇರುತ್ತದೆ, ಅದಕ್ಕೆ ಕೇಳಿದೆ ಎಂದಳು.

"ಹಾಕವ್ವ. ನಮ್ಮ ಮನೆಯವರಿಗೆ ಮಾತ್ರ ಹೇಳಬ್ಯಾಡ."

ಬದುಕಬೇಕಿತ್ತು ನನಗೆ. ಆದರೂ ಒಂದು ಗಳಿಗೆಯೂ ಯೋಚಿಸದೆ ಹೂಂ ಅಂದೆನಲ್ಲ ಎಂದು ನಾಚಿಕೆಯಾಯಿತು.

ನಮ್ಮ ಮನೆಯವರು ಮದ್ದಿಕೇರ ಕಡೆಯ ಒಂದು ಗುಡಿಯ ಅರ್ಚಕರು. ಚೀಲ ಹಾಕಿದ ದಿನದಿಂದ ಅವರೂ ಊಟ ಬಿಟ್ಟರು. ಆದೋನಿಯಲ್ಲೇ ಇದ್ದ ನನ್ನ ತಂಗಿ ತರುತ್ತಿದ್ದ ಡಬ್ಬಿ ತುಂಬಿದ್ದು ತುಂಬಿದಂತೆ ವಾಪಸು ಹೋಗುತ್ತಿತ್ತು. ಒಂದು ಲೋಟ ಹಾಲು, ಅಷ್ಟೇ. ಅವರಿಗೆ ಸಕ್ಕರೆ ಕಾಯಿಲೆ ಬೇರೆ. ಕೇಳಿದರೆ, "ನಿನ್ನ ಚೀಲ ತೆಗೀಲಿ, ಆಮ್ಯಾಲೆ ಉಣ್ತೀನಿ" ಎನ್ನುವರು.

ಪಕ್ಕದ ಮಂಚದಲ್ಲಿದ್ದ ಪತ್ತಿಕೊಂಡದ ಹೆಂಗಸು ಕಣ್ಣರಳಿಸಿದಳು. "ಎಂಥಾ ಗಂಡನ್ನ ಪಡದೀರಮ್ಮಾ. ನಮ್ಮಾಂವ ನೋಡ್ರಿ, ಬಿರ್ಯಾನಿ ಹೊಡಿಯಾಕ ಹೋಗ್ಯಾನ."

ನಾನು ಉಬ್ಬಿಹೋದೆ. ನೋಡಲು ಬಂದವರಿಗೆಲ್ಲ ನಾನೇ ಹೇಳಿಕೊಂಡೆ, ನನ್ನ ಬಿಟ್ಟು ಒಂದು ತುತ್ತು ಮುಟ್ಟಂಗಿಲ್ಲ ಇವರು ಅಂತ. ಇಡೀ ವಾರ್ಡಿಗೆ ಸುದ್ದಿ.

ಒಂದು ಮಧ್ಯಾಹ್ನ ನನ್ನ ಕಾಲ ಹತ್ತಿರ ನಿಂತಿದ್ದ ನಮ್ಮ ಮನೆಯವರು ಹಾಗೇ ಗೋಡೆ ಹಿಡಿದು ಕುಸಿದರು. ಮೈಯೆಲ್ಲ ಬೆವರು. ನರ್ಸಮ್ಮ ಓಡಿ ಬಂದು ಸಕ್ಕರೆ ನೀರು ಕುಡಿಸಿದಳು. ಉಪವಾಸ ಮಾಡಿ ಸಕ್ಕರೆ ಇಳಿಸುವ ಮಾತ್ರೆ ನುಂಗಿದರೆ ಮುಂದಿನ ಸಲ ಜೀವಕ್ಕೇ ಕುತ್ತು ಎಂದು ಡಾಕ್ಟರು ಬೈದು ಹೋದರು.

ಇನ್ನು ಮುಚ್ಚಿಡುವುದು ನನ್ನಿಂದಾಗಲಿಲ್ಲ.

"ರೀ, ಇದು ಬರೇ ಔಷಧ ಅಲ್ಲ, ಊಟ. ನಾ ಹಗಲೂ ರಾತ್ರಿ ಉಣ್ಲಿಕತ್ತೀನಿ. ಅದರಾಗ ತತ್ತೀನೂ ಅದ. ಗೊತ್ತಿದ್ದೇ ಹಾಕಿಸ್ಕೊಂಡೀನಿ. ಇಂಥಾಕಿ ಸಲುವಾಗಿ ಯಾಕ ಉಪವಾಸ ಬಿದ್ದು ಸಾಯ್ತೀರಿ?"

ಅವರು ನೆಲ ನೋಡಿದರು. "ನನಗೂ ಗೊತ್ತದ. ನಿನಗ ಪೂರಾ ಎಚ್ಚರಾಗೋಕ ಮೊದಲೇ ಡಾಕ್ಟರು ನನ್ನ ಕೇಳಿದ್ರು. ಹಾಕ್ರಿ ಅಂದೆ. ಅದಕ್ಕ ಈ ಉಪವಾಸ. ಪ್ರಾಯಶ್ಚಿತ್ತ."

ನನ್ನ ಕಿವಿ ಬಿಸಿಯಾಯಿತು. ಪ್ರೀತಿಗೆ ಬಿಟ್ಟ ಊಟವೆಂದು ಊರಿಗೆಲ್ಲ ಡಂಗುರ ಹೊಡೆದಿದ್ದೆನಲ್ಲ. ಪಕ್ಕದ ಮಂಚದತ್ತ ನೋಡುವ ಮುಖ ಉಳಿಯಲಿಲ್ಲ. ನಾಚಿಕೆಯ ಹಿಂದೆಯೇ ಸಿಟ್ಟೂ ಬಂತು.

"ಅಂದ್ರ ನಾ ಬದುಕಿದ್ದು ಪಾಪ ಆತೇನು, ತೊಳ್ಕೊಳ್ಳಿಕ್ಕೆ ಕೂತೀರಲ್ಲ? ಹಂಗಿದ್ರ ಅವತ್ತೇ ಬ್ಯಾಡ ಅನಬೇಕಿತ್ತು."

"ಬ್ಯಾಡ ಅನ್ನಲಿಕ್ಕೆ ಬಾಯೇ ಬರ್ಲಿಲ್ಲ ನನಗ" ಎಂದರು. ದನಿ ಸಣ್ಣದಾಗಿತ್ತು.

ಆಮೇಲೆ ಎದ್ದರು. ನಲ್ಲಿಯ ಹತ್ತಿರ ಕೈಕಾಲು ತೊಳೆದು ಬಂದು, ತಂಗಿಯ ಡಬ್ಬಿ ಬಿಚ್ಚಿ ನೆಲದ ಮೇಲೆ ಕೂತರು. ಮನೆಯಲ್ಲಿ ಊಟಕ್ಕೆ ಮೊದಲು ಎಲೆಯ ಸುತ್ತ ಮಂತ್ರ ಹೇಳಿ ನೀರು ಬಿಡುವಂತೆ ತಟ್ಟೆಯ ಸುತ್ತ ಬಿಟ್ಟರು. ಆಮೇಲೆ ಕೈ ಚಾಚಿ, ನನ್ನ ಚೀಲ ತೂಗುತ್ತಿದ್ದ ಸ್ಟ್ಯಾಂಡಿನ ಕಾಲಿನ ಸುತ್ತಲೂ ಬಿಟ್ಟರು.

"ರೀ, ಎಲ್ಲಾರೂ ನೋಡ್ಲಿಕತ್ತಾರ."

"ನೋಡ್ಲಿ. ಇಬ್ಬರೂ ಉಣ್ಲಿಕತ್ತೀವಿ" ಎಂದು ಅನ್ನ ಕಲಸಿದರು.

ನಾನು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡೆ.