ಕೆಸು ಕಿತ್ತವರು ಉತ್ತರಿಸಲಿ

ಮಿತ್ರರೇ, ಇಂದು ಬೆಳಿಗ್ಗೆ ನಮ್ಮ ಬೊರಿವಲಿ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಜಲ್ಲಿ ತೊಟ್ಟಿಯ ಕೆಸುವನ್ನೆಲ್ಲ ಬುಡಸಮೇತ ಕಿತ್ತರು. ನಮ್ಮೆಲ್ಲರ ಸಂಡಾಸಿನ ನೀರನ್ನು ಶುದ್ಧಮಾಡಿ ನಾಲೆಗೆ ಬಿಡಲೆಂದು ನೆಟ್ಟಿದ್ದ ಗಿಡಗಳವು. ಮಧ್ಯಾಹ್ನ ಮನೆಮನೆಗೂ ಅದೇ ಎಲೆಗಳ ಪತ್ರೊಡೆ ಬಂತು!

"ಇದು ಕೊಳಚೆಯಲ್ಲಿ ಬೆಳೆದದ್ದು!" ಎಂದು ಕೂಗಾಡಿದೆ.

"ಈ ಗಿಡ ಕೊಳಚೆಯನ್ನೇ ಶುದ್ಧ ಮಾಡ್ತದೆ ಅಂತ ಮೀಟಿಂಗಿನಲ್ಲಿ ಭಾಷಣ ಬಿಗಿದದ್ದು ನೀವೇ ಅಲ್ವಾ ಮಾರಾಯ್ರೆ? ಶುದ್ಧ ಮಾಡುವ ಎಲೆ ಅಶುದ್ಧ ಹೇಗಾಗ್ತದೆ?" ಎಂದರು ಸೆಕ್ರೆಟರಿ.

ಪಕ್ಕದ ಮನೆಯ ಮರಾಠಿ ತಾಯಿಗೂ ಸಿಟ್ಟು ಬಂದಿತ್ತು, ತನಗೊಂದು ಎಲೆಯೂ ಉಳಿಸಲಿಲ್ಲವೆಂದು.

ಈ ತೊಟ್ಟಿ ಬರುವ ಮೊದಲು ನಾಲೆಯಾಚೆಯ ಚಾಳಿನ ಸಾಲುಮನೆಗಳವರು ದುರ್ನಾತಕ್ಕೆ ಕಿಟಕಿ ತೆರೆಯುತ್ತಿರಲಿಲ್ಲ. ನಾನು ಮರೆತಿಲ್ಲ. ಇನ್ನು ಆ ನೀರನ್ನು ಶುದ್ಧಮಾಡುವವರು ಯಾರು, ಪತ್ರೊಡೆ ತಿಂದವರೇ? ಸೆಕ್ರೆಟರಿಯವರು ಚಾಳಿನವರ ಎದುರು ನಿಂತು ಉತ್ತರಿಸಲಿ.