ಚಿಕ್ಕಮ್ಮನ ಎಡಗಾಲು

ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹಾಕಿ ಬದುಕುತ್ತಿದ್ದ ನನ್ನ ಚಿಕ್ಕಮ್ಮನಿಗೆ ಕಾಯಿಲೆ ಅಂಟಿಸಿದವನು ನಾನೇ. ನನ್ನ ಕೆಲಸ ಔಷಧಿ ಅಂಗಡಿಯಲ್ಲಿ. ಅಲ್ಲಿಗೆ ಹೊಸ ಮಾತ್ರೆ ಬಂದ ತಿಂಗಳೇ ಅದಕ್ಕೆ ತಕ್ಕ ಹೊಸ ಕಾಯಿಲೆಯೂ ಊರಿಗೆ ಬರುತ್ತಿತ್ತು. ಅದನ್ನು ಆಡಿಕೊಂಡು ನಗುತ್ತಿದ್ದವನೂ ನಾನೇ. ಆದರೂ ಬುದ್ಧಿ ಬರಲಿಲ್ಲ.

ದರ್ಜಿಯಾಗಿದ್ದ ಚಿಕ್ಕಪ್ಪನೂ ಅವಳೂ ಮೂವತ್ತೊಂದು ವರ್ಷ ಮಹಡಿಯ ಒಂದೇ ಕೋಣೆಯಲ್ಲಿ ದುಡಿದವರು. ನೆಲಕ್ಕೆ ಮರದ ಹಲಗೆ. ಚಿಕ್ಕಪ್ಪ ಮಿಷನ್ ತುಳಿದರೆ ಹಲಗೆ ಅದುರುತ್ತಿತ್ತು. ಅವಳು ಪಕ್ಕದ ಸ್ಟೂಲಿನಲ್ಲಿ ಕೂತು, ಎಡಗಾಲನ್ನು ಅದೇ ಹಲಗೆಯ ಮೇಲೂರಿ ಸೂಜಿ ಆಡಿಸುತ್ತಿದ್ದಳು. ಅದುರಾಟ ಪೂರ್ತಿ ನಿಂತರೆ ಅಂಗಿ ಮುಗಿಯಿತೆಂದು ಅರ್ಥ. ತಲೆ ಎತ್ತದೆ ಕೈ ಚಾಚುತ್ತಿದ್ದಳು, ಅಂಗಿ ಕೈಗೆ ಬರುತ್ತಿತ್ತು. ಅವರಿಬ್ಬರಲ್ಲಿ ಮಾತು ಕಮ್ಮಿ, ಜಗಳ ಅದಕ್ಕಿಂತ ಕಮ್ಮಿ.

ಚಿಕ್ಕಪ್ಪ ತೀರಿಕೊಂಡ ಆರು ತಿಂಗಳಿಗೆ ಒಂದು ಸಂಜೆ ಅಂದಳು: "ಈ ಕಾಲು ಇನ್ನೂ ಗುಂಯ್ ಅಂತಿದೆ ಕಣೋ."

ನನ್ನ ಕಿವಿ ನಿಮಿರಿತು. ಅಂಗಡಿಯ ಗೋಡೆಯ ಮೇಲೆ ಹೊಸ ಮಾತ್ರೆಯ ಜಾಹೀರಾತಿನಲ್ಲಿ ಅಂಥದೇ ಗುಂಯ್‌ಗುಡುವ ಕಾಲಿನ ಚಿತ್ರವಿತ್ತು, ಕೆಳಗೆ ನಾಲಿಗೆ ಹೊರಳದ ಕಾಯಿಲೆಯ ಹೆಸರು. ಮರುದಿನವೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ.

"ನೋವಿದೆಯಾ?" ಕೇಳಿದರು ಡಾಕ್ಟರು.

"ಇಲ್ಲ."

"ನಿದ್ದೆ?"

"ಚೆನ್ನಾಗೇ ಬರುತ್ತೆ."

ಆದರೂ ಕಾಯಿಲೆ ಇತ್ತು. ಐದು ನಿಮಿಷದಲ್ಲಿ ಅದರ ಹೆಸರನ್ನೂ ಅದರ ಮಾತ್ರೆಯನ್ನೂ ಚೀಟಿಯಲ್ಲಿ ಬರೆದುಕೊಟ್ಟರು. ಆ ಗುಂಯ್ ಎಲ್ಲಿಂದ ಬಂತು ಅಂತ ಅವರೂ ಕೇಳಲಿಲ್ಲ, ಮನೆಯವನಾದ ನಾನೂ ಕೇಳಲಿಲ್ಲ.

ಮಾತ್ರೆ ಶುರುವಾದ ಮೂರನೇ ವಾರಕ್ಕೆ ಕಾಲು ಸುಮ್ಮನಾಯಿತು. ನಾನು ಬೀಗಿದೆ. ಚಿಕ್ಕಮ್ಮ ಮಾತ್ರ ಸೂಜಿ ಹಿಡಿದು ಸುಮ್ಮನೆ ಕೂರತೊಡಗಿದಳು. ಬೇರೆ ದರ್ಜಿಗಳು ಕೊಟ್ಟುಹೋದ ಅಂಗಿಗಳು ಬುಟ್ಟಿಯಲ್ಲೇ ಉಳಿದವು.

"ಯಾಕೆ ಚಿಕ್ಕಮ್ಮ? ಕಾಲು ಸರಿಹೋಯ್ತಲ್ಲ?"

"ಹೋಯ್ತಪ್ಪ. ಇಷ್ಟು ದಿನ ಅವರು ಇನ್ನೂ ಹೊಲೀತಾ ಇದ್ದಾರೆ ಅನ್ನಿಸ್ತಿತ್ತು. ಈಗ ನಿಲ್ಲಿಸಿಬಿಟ್ರು. ಕೈ ಚಾಚಿದ್ರೆ ಏನೂ ಬರಲ್ಲ."

ಎಂಥ ಕೆಲಸ ಮಾಡಿಬಿಟ್ಟೆ ಎಂದು ನನ್ನನ್ನೇ ಶಪಿಸಿಕೊಂಡೆ. ಡಾಕ್ಟರಿಗೆ ಹೇಳಿ ಮಾತ್ರೆ ನಿಲ್ಲಿಸಿದ್ದಾಯಿತು. ಒಂದು ತಿಂಗಳು ಕಳೆಯಿತು, ಎರಡಾಯಿತು. ಅವಳು ದಿನವೂ ಆ ಹಲಗೆಯ ಮೇಲೆ ಕಾಲೂರಿ ಕಾಯುತ್ತಿದ್ದಳು. ಗುಂಯ್ ಅನ್ನುವುದು ಮರಳಲಿಲ್ಲ.

ಒಂದು ಮಧ್ಯಾಹ್ನ ನೋಡಲಾರದೆ ಚಿಕ್ಕಪ್ಪನ ಮಿಷನ್ ಮುಂದೆ ಕೂತು, ಬಟ್ಟೆಯಿಲ್ಲದೆಯೇ ತುಳಿದೆ. ಹಲಗೆ ಅದುರಿತು. ಚಿಕ್ಕಮ್ಮ ಕಣ್ಣು ಮುಚ್ಚಿದಳು. ನಾನು ಬೆವರಿಳಿಯುವವರೆಗೆ ತುಳಿದೆ. ಆಮೇಲೆ ಅವಳು ಮೆಲ್ಲಗೆ ಕಾಲನ್ನು ಹಿಂದಕ್ಕೆಳೆದುಕೊಂಡು ನನ್ನ ತಲೆ ಸವರಿದಳು.

"ಸಾಕು ಬಿಡು ಮಗಾ," ಅಂದಳು. "ಅವರು ಹೀಗೆ ತುಳೀತಿರ್ಲಿಲ್ಲ."