ಕಣ್ಣು ಬರೆಯದ ಸಿಪಾಯಿ

ಕೋಟೆ ಮ್ಯೂಸಿಯಮ್ಮಿನ ಸಿಪಾಯಿಗಳಿಗೆ ಕಣ್ಣಿರಲಿಲ್ಲ. ಕೋವಿ ಇತ್ತು, ಬೂಟು ಇತ್ತು, ಬೆರಳುದ್ದದ ಆ ಮಣ್ಣಿನ ಮೈಗೆ ಮೀಸೆಯೂ ಇತ್ತು. ಕಣ್ಣಿನ ಜಾಗ ಮಾತ್ರ ಖಾಲಿ. ಬಂದವರೆಲ್ಲ ಟಿಕೆಟ್ ಕೊಡುವ ನನ್ನನ್ನೇ ಕೇಳುವುದು, "ಇದೆಂತ ಮಾರಾಯ್ರೇ, ಕುರುಡು ಪಟಾಲಮ್ಮಾ?" ಎಷ್ಟು ಜನಕ್ಕೆ ಹೇಳಲಿ? ಮಾಡಿದವಳನ್ನೇ ಕೇಳಿ ಎಂದು ಮೂಲೆ ತೋರಿಸಿಬಿಡುತ್ತಿದ್ದೆ.

ಮೂಲೆಯಲ್ಲಿ ಕೂತು ಮಣ್ಣು ನಾದುತ್ತಿದ್ದವಳು ಸುಬ್ಬಿ. ಕುಮಟೆಯ ಈಚೆ ನಮ್ಮ ಕೇರಿಯವಳೇ, ಗಣಪತಿ ಮಾಡುವ ಗುನಗರ ಮನೆಯ ಹೆಣ್ಣು. ಅವರಲ್ಲಿ ಕಣ್ಣು ಬರೆಯುವುದು ಕಟ್ಟಕಡೆಯ ಕೆಲಸ. ಕಣ್ಣು ಬರೆದರೆ ಜೀವ ಬಂದ ಹಾಗೆ. ಜೀವ ಬಂದದ್ದನ್ನು ಇಟ್ಟುಕೊಳ್ಳುವಂತಿಲ್ಲ, ನೀರಿಗೆ ಬಿಡಲೇಬೇಕು.

ಅವಳ ಗಂಡ ಸೋಮ ಮಿಲಿಟರಿಯಲ್ಲಿದ್ದ. ತೊಂಬತ್ತೆಂಟರಲ್ಲಿ ಎಲ್ಲೋ ಗಡಿಯಲ್ಲಿ ಹಿಮ ಕುಸಿದು ಅದರಡಿ ಹೋದ. ತಂತಿ ಬಂತು, ಹೆಣ ಬರಲಿಲ್ಲ. "ಮುಖ ಕಾಣದೆ ತಿಥಿ ಎಂತಕ್ಕೆ ಮಾಡೂದು?" ಎಂದು ಸುಬ್ಬಿ ಬಳೆ ತೆಗೆಯಲಿಲ್ಲ. ಊರ ಬಾಯಿಗೆ ಮುಚ್ಚಳ ಉಂಟೇ? ಅವಳನ್ನು ಮದುವೆಗೆ, ನಾಮಕರಣಕ್ಕೆ ಕರೆಯುವುದು ನಿಂತಿತು. ಅವಳ ಮನೆ ಮೆಟ್ಟಿಲು ಹತ್ತುವವರೂ ಇಲ್ಲವಾದರು. ಮುತ್ತೈದೆಯರ ಸಾಲಿಗೂ ಇಲ್ಲ, ವಿಧವೆಯರ ಸಾಲಿಗೂ ಇಲ್ಲ. ಮಾತಾಡಲು ಆ ಮಣ್ಣು, ಬಿಟ್ಟರೆ ನಾನು. ನಾನೋ, ಮೊದಲೇ ಮುಂಗೋಪಿ.

ಮಣ್ಣಿನ ಪಟಾಲಮ್ಮಿನ ಕೊನೆಯ ಸಾಲಿನ ತುದಿಯಲ್ಲಿ ನಿಂತವನು ಸೋಮನೇ. ಎಡ ಕಿವಿ ತುಸು ಅಗಲ, ಗಲ್ಲದ ಮೇಲೆ ಗಾಯದ ಗುರುತು. ದಿನಾ ಬೆಳಿಗ್ಗೆ ಅವನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿಯೇ ಅವಳ ಉಳಿದ ಕೆಲಸ. "ಕಣ್ಣು ಬರೆಯೂದಿಲ್ಲ ವಿಶ್ವಣ್ಣ. ಬರೆದ್ರೆ ಇವ್ನನ್ನೂ ಕಳ್ಸೂಕೇ ಬೇಕು," ಎನ್ನುತ್ತಿದ್ದಳು. ಅವನೊಬ್ಬನಿಗಾಗಿ ಇಡೀ ಸೈನ್ಯ ಕುರುಡಾಗಿ ನಿಂತಿತ್ತು.

ಮ್ಯೂಸಿಯಂ ಶುರುಮಾಡಿದವರು ನಿವೃತ್ತ ಸುಬೇದಾರ ನಿತ್ಯಾನಂದ. ಒಳ್ಳೆಯ ಮನುಷ್ಯ, ಆದರೆ ಕೈ ಸುಮ್ಮನಿರಬೇಕಲ್ಲ. ಎರಡು ಸಾವಿರದ ಮೂರರಲ್ಲಿ ಯಾರೋ ದೊಡ್ಡ ಅಧಿಕಾರಿ ನೋಡಲು ಬರುವವರಿದ್ದರು. ಸುಬ್ಬಿ ಜ್ವರ ಬಂದು ಮನೆಯಲ್ಲಿ ಒಬ್ಬಳೇ ಮಲಗಿದ್ದಳು. ಅಷ್ಟರಲ್ಲಿ ಇವರು ಸಣ್ಣ ಬ್ರಶ್ಶು ಹಿಡಿದು ಕೂತು ಪಟಾಲಮ್ಮಿಗೆಲ್ಲ ಕಣ್ಣು ಬರೆದುಬಿಟ್ಟಿದ್ದರು. ನೋಡಿ ನನ್ನ ಮೈ ಉರಿದುಹೋಯಿತು. "ಪಾಪ, ಅವಳಿಗೊಂದು ಕೆಲಸ ಕಡಿಮೆಯಾಯ್ತಲ್ಲ," ಎಂದರು.

ಜ್ವರ ಬಿಟ್ಟು ಸುಬ್ಬಿ ಬಂದಳು. ನೇರ ಸಾಲಿನ ತುದಿಗೆ ಹೋಗಿ ನಿಂತಳು. ಸೋಮ ಅವಳನ್ನೇ ನೋಡುತ್ತಿದ್ದ.

"ಈಗ ಜೀವ ಬಂತಲ್ಲ ಸುಬ್ಬಿ?" ಎಂದರು ಸುಬೇದಾರರು.

"ಹೌದು, ಬಂತು," ಎಂದಳು.

ಅವನನ್ನು ಎತ್ತಿ ಸೆರಗಿನಲ್ಲಿಟ್ಟುಕೊಂಡಳು. ಸಾಲು ಕೆಡುತ್ತದೆ, ನಾಳೆ ಸಾಹೇಬರು ಬರುತ್ತಾರೆ ಎಂದು ಸುಬೇದಾರರು ತಡೆದರು.

"ಉಳಿದವ್ರು ನಿಮ್ಮವ್ರು, ನಿಮ್ಮಲ್ಲೇ ಇರ್ಲಿ. ಇವ ನಮ್ಮನೆಯವ."

ಕೋಟೆಯ ಕೆಳಗಿನ ಹೊಳೆಗೆ ನಾನೂ ಹಿಂದೆ ಹೋದೆ. ಸೊಂಟಮಟ್ಟ ನೀರಿಗಿಳಿದು, ಮುಖ ನೋಡಿ, ಬಿಟ್ಟಳು. ಸುಡದ ಮಣ್ಣು, ಕರಗಲು ಎಷ್ಟು ಹೊತ್ತು? ದಡಕ್ಕೆ ಬಂದು ಬಳೆ ಕಳಚಿ ಕಲ್ಲಿನ ಮೇಲಿಟ್ಟಳು. ನನಗೆ ಅಳು ಬಂತು. ಅವಳು ಅಳಲಿಲ್ಲ.

"ವಿಶ್ವಣ್ಣ, ತಿಥಿ ಮಾಡ್ತೆ. ನೀವು ಊಟಕ್ಕೆ ಬರೂಕೇ ಬೇಕು," ಎಂದಳು. "ಮತ್ತೆ ಯಾರೂ ಬರೂದಿಲ್ಲ."